ಮನೆ ವಿಳಾಸ ಗೊತ್ತಿದ್ದೂ ಮನೆ ಸೇರದ ಮಾಯಾ

2025ರ ನವೆಂಬರ್ 1ರಂದು ಗೀಜಾದ ಪಿರಮಿಡ್‌ಗಳ ಹತ್ತಿರ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ ಅಧಿಕೃತವಾಗಿ ಬಾಗಿಲು ತೆರೆಯಿತು. ಅದೇ ಸಂದರ್ಭದಲ್ಲಿ ನೆದರ್‌ಲ್ಯಾಂಡ್ಸ್‌ನ ಆಗಿನ ಪ್ರಧಾನಿ ಡಿಕ್ ಸ್ಕೋಫ್ ಒಂದು ಮಾತು ಕೊಟ್ಟರು. ತಮ್ಮ ದೇಶದಲ್ಲಿ ಸಿಕ್ಕಿರುವ ಒಂದು ಕಲ್ಲಿನ ತಲೆಯನ್ನು ಈಜಿಪ್ಟ್‌ಗೆ ವಾಪಸ್ ಕೊಡುವುದಾಗಿ ಹೇಳಿದರು.

ಆ ತಲೆಗೆ ಸುಮಾರು 3,500 ವರ್ಷ ವಯಸ್ಸು. ಮೂರನೇ ಥುಟ್ಮೋಸ್ ಎಂಬ ಫೇರೋನ ಕಾಲದ ಒಬ್ಬ ದೊಡ್ಡ ಅಧಿಕಾರಿಯದು. 2011 ಅಥವಾ 2012ರಲ್ಲಿ, ಈಜಿಪ್ಟಿನ ಜನ ಸರ್ಕಾರದ ವಿರುದ್ಧ ಎದ್ದ ಗಲಾಟೆಯ ದಿನಗಳಲ್ಲಿ, ದಕ್ಷಿಣದ ಲಕ್ಸರ್ ನಗರದಿಂದ ಕದ್ದದ್ದಿರಬೇಕು ಎಂಬುದು ತನಿಖೆ ಮಾಡಿದವರ ಲೆಕ್ಕ. 2022ರಲ್ಲಿ ಮಾಸ್ಟ್ರಿಕ್ಟ್ ನಗರದ ಕಲಾಮೇಳದಲ್ಲಿ ಅದು ಮಾರಾಟಕ್ಕೆ ಬಂತು. ಯಾರೋ ಹೆಸರು ಹೇಳದೆ ಸುಳಿವು ಕೊಟ್ಟರು. ಪೊಲೀಸರು ವಶಕ್ಕೆ ತೆಗೆದುಕೊಂಡರು. ತನಿಖೆಯ ನಂತರ ವ್ಯಾಪಾರಿಯೂ ತಕರಾರಿಲ್ಲದೆ ಬಿಟ್ಟುಕೊಟ್ಟ.

ಒಳ್ಳೆಯ ಸುದ್ದಿ, ಖುಷಿಯೇ ಆಯಿತು. ಆದರೆ ಅದನ್ನು ಓದುತ್ತಿದ್ದಾಗ ನನಗೆ ಅದೇ ದೇಶದಲ್ಲಿರುವ ಇನ್ನೊಬ್ಬ ಈಜಿಪ್ಟಿನ ಅಧಿಕಾರಿಯ ನೆನಪಾಯಿತು. ಅವನ ಹೆಸರು ಮಾಯಾ. ಲೈಡನ್ ನಗರದ ಪ್ರಾಚ್ಯವಸ್ತು ಮ್ಯೂಸಿಯಂನಲ್ಲಿ ಅವನು ಕೂತು ಹತ್ತಿರ ಹತ್ತಿರ ಇನ್ನೂರು ವರ್ಷ ಆಗುತ್ತಾ ಬಂತು. ಪಕ್ಕದಲ್ಲಿ ಹೆಂಡತಿ ಮೆರಿತ್‌ಳ ಮೂರ್ತಿ. ಇಬ್ಬರೂ ಜೊತೆಯಾಗಿ ಕೂತಿರುವ ಮೂರನೆಯದೂ ಒಂದಿದೆ.

ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕಲ್ಲಿನ ತಲೆ ಯಾರದೆಂದು ವರದಿಗಳಲ್ಲಿ ಹೆಸರಿಲ್ಲ. ಯಾವ ಸಮಾಧಿಯದು ಅಥವಾ ಯಾವ ಗುಡಿಯದು ಎಂಬ ಮಾತೂ ಅವುಗಳಲ್ಲಿ ಇಲ್ಲ. ಅದು ಊರಿಗೆ ಹೊರಟಿದೆ. ಮಾಯಾನ ಹೆಸರು ಗೊತ್ತು, ಹೆಂಡತಿ ಗೊತ್ತು, ಅಪ್ಪ ಅಮ್ಮನ ಹೆಸರೂ ಗೊತ್ತು. ಅವನ ಸಮಾಧಿ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು. ಅಲ್ಲಿಗೆ ಟಿಕೆಟ್ ತಗೊಂಡು ಹೋಗಲೂಬಹುದು. ಅವನು ಮಾತ್ರ ಲೈಡನ್‌ನಲ್ಲೇ ಇದ್ದಾನೆ. ಹೀಗೇಕೆ? ಇದು ಕಾನೂನಿನ ಪ್ರಶ್ನೆ ಮಾತ್ರ ಅಲ್ಲ. ಸಮಾಧಿ ಅಂದರೆ ಏನು ಎಂಬುದೂ ಇದರಲ್ಲಿ ಸೇರಿದೆ.

ಯಾರು ಈ ಮಾಯಾ?

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮಾಯೆಗೂ, ಅಮೆರಿಕದ ಮಾಯಾ ನಾಗರಿಕತೆಗೂ ಇವನಿಗೂ ಏನೂ ಸಂಬಂಧವಿಲ್ಲ. ಇವನು ಕ್ರಿಸ್ತಪೂರ್ವ 14ನೇ ಶತಮಾನದ ಕೊನೆಯ ಭಾಗದಲ್ಲಿ ಬದುಕಿದ್ದವನು. ತುತಾಂಖಾಮುನ್, ಆಯಿ, ಹೋರೆಮ್ಹೆಬ್, ಹೀಗೆ ಒಬ್ಬರ ಹಿಂದೆ ಒಬ್ಬರಂತೆ ಮೂವರು ಫೇರೋಗಳ ಕಾಲ ನೋಡಿದವನು. ಕೆಲಸ ಬೊಕ್ಕಸದ ಮೇಲ್ವಿಚಾರಣೆ. ಇವತ್ತಿನ ಮಾತಲ್ಲಿ ಹಣಕಾಸು ಮಂತ್ರಿ ಅನ್ನಬಹುದು. ಆದರೆ ಅವನ ಕೈಯಲ್ಲಿ ಅದಕ್ಕಿಂತ ಜಾಸ್ತಿ ಇತ್ತು.

ತುತಾಂಖಾಮುನ್‌ನ ಎಂಟನೇ ವರ್ಷದ ಒಂದು ಶಾಸನ ಇದೆ. ಅದರಲ್ಲಿ ರಾಜ ಇವನಿಗೆ ಆಜ್ಞೆ ಕೊಡುತ್ತಾನೆ. ದಕ್ಷಿಣದ ಎಲೆಫಂಟೈನ್‌ನಿಂದ ಉತ್ತರದ ಕೊನೆಯವರೆಗೆ ಇಡೀ ದೇಶದಲ್ಲಿ ತೆರಿಗೆ ಎತ್ತಿ, ದೇವರುಗಳ ಸೇವೆ ಮತ್ತೆ ಸರಿಯಾಗಿ ನಡೆಯುವಂತೆ ಮಾಡು ಅಂತ. ಇದು ಸುಮ್ನೆ ಕೊಟ್ಟ ಆಜ್ಞೆ ಅಲ್ಲ. ಅದಕ್ಕೆ ಸ್ವಲ್ಪ ಮುಂಚೆ ಅಖೆನಾತೆನ್ ಎಂಬ ಫೇರೋ ಹಳೆಯ ದೇವರುಗಳನ್ನೆಲ್ಲ ಬದಿಗೆ ಸರಿಸಿ ಒಂದೇ ಸೂರ್ಯದೇವರನ್ನು ಹಿಡಿದಿದ್ದ. ಗುಡಿಗಳ ಆದಾಯ ನಿಂತುಹೋಗಿತ್ತು. ಅವನ ನಂತರ ಬಂದ ಹುಡುಗ ರಾಜನ ಕಾಲದಲ್ಲಿ ಕೆಡಿಸಿದ್ದನ್ನೆಲ್ಲ ಮತ್ತೆ ಕಟ್ಟಬೇಕಾಯಿತು. ಆ ಕಟ್ಟುವ ಕೆಲಸದ ಹಣದ ಚೀಲ ಹಿಡಿದವನು ಮಾಯಾ.

ಇನ್ನೊಂದು ಹುದ್ದೆಯೂ ಅವನಿಗಿತ್ತು: ‘ಶಾಶ್ವತತೆಯ ಸ್ಥಳದ ಕೆಲಸಗಳ ಮೇಲ್ವಿಚಾರಕ’. ಶಾಶ್ವತತೆಯ ಸ್ಥಳ ಅಂದರೆ ರಾಜರ ಸ್ಮಶಾನ, ಈಗ ರಾಜರ ಕಣಿವೆ ಅಂತ ಕರೆಯುವ ಜಾಗ. ಅಲ್ಲಿನ ಸಮಾಧಿಗಳ ಜವಾಬ್ದಾರಿ ಇವನದೇ. ತುತಾಂಖಾಮುನ್ ಹತ್ತೊಂಬತ್ತರ ಆಸುಪಾಸಿನಲ್ಲಿ ತೀರಿಕೊಂಡಾಗ, ಅವನ ಸಮಾಧಿಯೊಳಗೆ ಇಡಲು ಮಾಯಾ ತನ್ನ ಹೆಸರಿನಲ್ಲಿ ಎರಡು ಮರದ ವಸ್ತುಗಳನ್ನು ಕೊಟ್ಟ. ಒಂದು ಉಶಬ್ತಿ, ಅಂದರೆ ಸತ್ತವನ ಪರವಾಗಿ ಪರಲೋಕದಲ್ಲಿ ದುಡಿಯುವ ಪುಟ್ಟ ಬೊಂಬೆ. ಇನ್ನೊಂದು ಮಂಚದ ಮೇಲೆ ಮಲಗಿದ ರಾಜನ ಸಣ್ಣ ಮೂರ್ತಿ. 1922ರಲ್ಲಿ ಹೋವರ್ಡ್ ಕಾರ್ಟರ್ ಆ ಸಮಾಧಿ ತೆರೆದ ನಂತರ ಇವೆರಡೂ ಸಿಕ್ಕವು. ಆ ಸಮಾಧಿಯ 5,000ಕ್ಕೂ ಹೆಚ್ಚು ವಸ್ತುಗಳನ್ನು ಒಂದೇ ಕಡೆ ಸೇರಿಸಿ ತೋರಿಸುವುದೇ ಈಗ ತೆರೆದಿರುವ ಹೊಸ ಮ್ಯೂಸಿಯಂನ ದೊಡ್ಡ ಹೆಮ್ಮೆ. ಒಬ್ಬ ರಾಜನ ಸಮಾಧಿಯ ಸಾಮಾನೆಲ್ಲ ಕೊನೆಗೂ ಒಂದೇ ಸೂರಿನಡಿ ಬಂದವು ಅಂತ ಇಡೀ ಲೋಕ ಸಂಭ್ರಮಪಟ್ಟಿತು. ಆ ಸಾಮಾನಿನಲ್ಲಿ ಎರಡನ್ನು ಕೊಟ್ಟವನ ಸ್ವಂತ ಸಮಾಧಿ ಮಾತ್ರ ಎರಡು ಖಂಡಗಳಲ್ಲಿ ಹಂಚಿಹೋಗಿದೆ.

ಗೋಡೆಯ ಮೇಲಿನ ಆ ಬರಹ

ಮಾಯಾನ ಬಗ್ಗೆ ಓದಿದಾಗೆಲ್ಲ ನನ್ನನ್ನು ಹಿಡಿದು ನಿಲ್ಲಿಸುವುದು ಒಂದೇ ಒಂದು ಬರಹ. ಅದಿರುವುದು ರಾಜರ ಕಣಿವೆಯಲ್ಲಿ, ನಾಲ್ಕನೇ ಥುಟ್ಮೋಸ್‌ನ ಸಮಾಧಿಯ ಗೋಡೆಯ ಮೇಲೆ. ಮಾಯಾನ ಕಾಲಕ್ಕಾಗಲೇ ಆ ರಾಜ ಸತ್ತು ಸುಮಾರು ಎಪ್ಪತ್ತು ವರ್ಷ ಕಳೆದಿತ್ತು. ಅಷ್ಟರಲ್ಲಿ ಕಳ್ಳರು ಒಳಗೆ ಹೊಕ್ಕಿದ್ದರು.

ಹೋರೆಮ್ಹೆಬ್‌ನ ಎಂಟನೇ ವರ್ಷದಲ್ಲಿ ಈ ಬರಹ ಬರೆದಿದ್ದಾರೆ. ಕೆತ್ತಿದ್ದಲ್ಲ, ಕುಂಚದಿಂದ ಗೀಚಿದ ಕಚೇರಿಯ ಕೈಬರಹ. ಅದರಲ್ಲಿ ಇರುವುದು ಇಷ್ಟು: ರಾಜನ ಬಲಗಡೆ ಬೀಸಣಿಗೆ ಹಿಡಿಯುವವನು, ಬೊಕ್ಕಸದ ಮೇಲ್ವಿಚಾರಕ, ಶಾಶ್ವತತೆಯ ಸ್ಥಳದ ಕೆಲಸಗಳ ಮೇಲ್ವಿಚಾರಕ, ಇಯಾವಿ ಎಂಬ ಗೌರವಸ್ಥನ ಮತ್ತು ವೆರೆತ್ ಎಂಬ ಗೃಹಿಣಿಯ ಮಗ ಮಾಯಾನಿಗೆ, ನಾಲ್ಕನೇ ಥುಟ್ಮೋಸ್‌ನ ಸಮಾಧಿಯನ್ನು ಮತ್ತೆ ಸರಿಮಾಡುವಂತೆ ರಾಜಾಜ್ಞೆಯಾಗಿದೆ. ಜೊತೆಗೆ ಅವನ ಸಹಾಯಕ ಜೆಹುತಿಮೋಸ್‌ನ ಹೆಸರೂ ಇದೆ. ಅವನ ತಾಯಿಯ ಹೆಸರೂ ಇದೆ.

ಇದನ್ನು ನಿಧಾನವಾಗಿ ಯೋಚಿಸಿ. 3,300 ವರ್ಷಗಳ ಹಿಂದೆ ಒಬ್ಬ ದೊಡ್ಡ ಅಧಿಕಾರಿ ಕಳುವಾದ ಸಮಾಧಿಯೊಳಗೆ ಇಳಿದಿದ್ದಾನೆ. ಚೆಲ್ಲಾಪಿಲ್ಲಿಯಾದದ್ದನ್ನು ಜೋಡಿಸಿದ್ದಾನೆ. ಮಾಡಿದ ಕೆಲಸವನ್ನು ದಾಖಲೆ ಮಾಡಿಟ್ಟು ಹೊರಬಂದಿದ್ದಾನೆ. ತುತಾಂಖಾಮುನ್‌ನ ಸಮಾಧಿಗೂ, ಅವನನ್ನು ಹೂತ ಸ್ವಲ್ಪ ಕಾಲದಲ್ಲೇ ಕಳ್ಳರು ನುಗ್ಗಿದ್ದರು. ಯಾರೋ ಅದನ್ನೂ ಸರಿಮಾಡಿ ಮತ್ತೆ ಮುದ್ರೆ ಹಾಕಿದ್ದರು. ಅದೇ ಸಹಾಯಕನ ಹೆಸರಿನ ಗೀಚು ಅಲ್ಲಿನ ಒಂದು ವಸ್ತುವಿನ ಮೇಲೂ ಸಿಕ್ಕಿರುವುದರಿಂದ, ಆ ಕೆಲಸವೂ ಮಾಯಾನ ತಂಡದ್ದೇ ಇರಬೇಕು ಎಂದು ಹಲವು ತಜ್ಞರು ಭಾವಿಸುತ್ತಾರೆ. ಹಾಗಿದ್ದರೆ, ಇವತ್ತು ನಾವು ನೋಡಿ ಬೆರಗಾಗುವ ಆ ಬಂಗಾರದ ಮುಖವಾಡ ಉಳಿದದ್ದರಲ್ಲಿ ಮಾಯಾನ ಪಾಲೂ ಇದೆ.

ಬೇರೆಯವರ ಸಮಾಧಿ ಕಾಯ್ದವನು ಅವನು. ಅವನ ಸಮಾಧಿಯನ್ನು ಯಾರು ಕಾಯ್ದರು?

ಸಮಾಧಿ ಎಂಬ ಮನೆ

ಮಾಯಾ ತನಗೂ ಮೆರಿತ್‌ಗೂ ಸಮಾಧಿ ಕಟ್ಟಿಸಿದ್ದು ಸಕ್ಕಾರದಲ್ಲಿ. ಕೈರೋದಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್. ಹಳೆಯ ರಾಜಧಾನಿ ಮೆಂಫಿಸ್‌ನ ಸ್ಮಶಾನ ಅದು. ಮೆಟ್ಟಿಲು ಮೆಟ್ಟಿಲಾಗಿ ಏರುವ ಜೋಸೆರ್‌ನ ಪಿರಮಿಡ್ ಇರುವುದೂ ಅಲ್ಲೇ. ಮಾಯಾ ಆರಿಸಿಕೊಂಡ ಜಾಗ ಅದರ ದಕ್ಷಿಣಕ್ಕಿದೆ.

ನೆಲದ ಮೇಲೆ ಅದು ಸಣ್ಣ ಗುಡಿಯ ಹಾಗಿತ್ತು. ಹೆಬ್ಬಾಗಿಲು, ಅಂಗಳ, ಕಂಬಗಳು, ಕೊನೆಯಲ್ಲಿ ಪೂಜೆಯ ಕೋಣೆಗಳು. ಮಣ್ಣಿನ ಇಟ್ಟಿಗೆಯ ಗೋಡೆ, ಅದಕ್ಕೆ ಸುಣ್ಣಕಲ್ಲಿನ ಚಪ್ಪಡಿಯ ಹೊದಿಕೆ, ಚಪ್ಪಡಿಯ ಮೇಲೆ ಕೆತ್ತನೆ. ಅಂಗಳದಿಂದ ಬಾವಿಯಂತೆ ಇಳಿಯುವ ಗುಂಡಿ. ಅದರ ಕೆಳಗೆ, ಬಹಳ ಆಳದಲ್ಲಿ, ಶವ ಇಡುವ ಕೋಣೆಗಳು. ಆ ಕೋಣೆಗಳ ಗೋಡೆಗೂ ಕೆತ್ತನೆಯ ಕಲ್ಲು ಹೊದಿಸಿದ್ದರು. ರಾಜರಲ್ಲದವರ ಸಮಾಧಿಯಲ್ಲಿ ಅಷ್ಟು ಆಳದಲ್ಲಿ ಇಂಥ ಕೆತ್ತನೆ ಕಾಣುವುದು ಅಪರೂಪ. ಬಣ್ಣ ಹೆಚ್ಚುಕಡಿಮೆ ಪೂರ್ತಿ ಹಳದಿ, ಬಂಗಾರದ ಹಳದಿ. ದೇವರುಗಳ ಮೈ ಬಂಗಾರದ್ದು ಎಂಬುದು ಅವರ ನಂಬಿಕೆ. ಸತ್ತವರು ಆ ದೇವರುಗಳ ಲೋಕಕ್ಕೆ ಸೇರಿದರು ಎಂದು ಆ ಬಣ್ಣವೇ ಹೇಳುತ್ತಿತ್ತು.

ಮೇಲಿನ ಭಾಗ ಬದುಕಿರುವವರಿಗೆ. ಕುಟುಂಬದವರು, ಪೂಜಾರಿಗಳು ಬಂದು ರೊಟ್ಟಿ, ಬಿಯರ್, ನೀರು, ಧೂಪ ಇಡುತ್ತಿದ್ದರು. ಕೆಳಗಿನ ಭಾಗ ದೇಹಕ್ಕೆ. ಇವೆರಡನ್ನೂ ಕೂಡಿಸುತ್ತಿದ್ದದ್ದು ಮೂರ್ತಿ. ಈಜಿಪ್ಟಿನವರಿಗೆ ಅದು ನೆನಪಿಗಾಗಿ ಇಟ್ಟ ಅಲಂಕಾರ ಅಲ್ಲ. ಸತ್ತವನ ‘ಕಾ’, ಅಂದರೆ ಅವನ ಜೀವಶಕ್ತಿ, ಬಂದು ಎಡೆ ತೆಗೆದುಕೊಳ್ಳುವ ಜಾಗ ಅದು. ಮೂರ್ತಿಗೂ ಬಾಯಿ ತೆರೆಯುವ ಶಾಸ್ತ್ರ ಮಾಡುತ್ತಿದ್ದರು, ಉಣ್ಣಲು ಬರಲಿ ಎಂದು. ಅದರ ಮೇಲೆ ಹೆಸರು ಬರೆಯುತ್ತಿದ್ದರು, ಹೆಸರು ಹೇಳಿದಷ್ಟು ಕಾಲ ಸತ್ತವನು ಬದುಕಿರುತ್ತಾನೆ ಎಂದು.

ಹೀಗಾಗಿ ಸಮಾಧಿ ಅಂದರೆ ಸಾಮಾನು ತುಂಬಿಟ್ಟ ಪೆಟ್ಟಿಗೆ ಅಲ್ಲ. ಗೋಡೆಯ ಚಿತ್ರ, ಮೂರ್ತಿ, ಎಡೆಯ ಕಲ್ಲು, ಕೆಳಗಿನ ದೇಹ, ಬರೆದ ಹೆಸರು ಎಲ್ಲ ಸೇರಿದರೆ ಮಾತ್ರ ಆ ಮನೆ ನಡೆಯುತ್ತಿತ್ತು. ಲೈಡನ್‌ನ ಮೆರಿತ್ ಕೈಯಲ್ಲಿ ಮೆನಾತ್ ಎಂಬ ಮಣಿಹಾರದಂಥ ವಸ್ತು ಹಿಡಿದಿದ್ದಾಳೆ. ಅವಳು ಅಮುನ್ ದೇವರ ಗುಡಿಯ ಗಾಯಕಿ. ಆ ಹಾರ ಸೇವೆಯ ವೇಳೆ ಅಲುಗಿಸಿ ಸದ್ದು ಮಾಡುವಂಥದ್ದು. ಮ್ಯೂಸಿಯಂನಲ್ಲಿ ನೋಡುವವರಿಗೆ ಅದೊಂದು ಸುಂದರ ವಿವರ. ಸಮಾಧಿಯಲ್ಲಿ ಅದಕ್ಕೆ ಕೆಲಸ ಇತ್ತು.

ಹೇಗೆ ಚದುರಿತು?

ಒಂದೇ ಸಲಕ್ಕೆ ಅಲ್ಲ, ಒಬ್ಬರ ಕೈಯಿಂದಲೂ ಅಲ್ಲ. ಹಳೆಯ ಕಾಲದ ಕಳ್ಳರು ಮೊದಲು ಬಂದರು. ಅವರಿಗೆ ಬೇಕಾಗಿದ್ದು ಬಂಗಾರ, ಎಣ್ಣೆ, ಬಟ್ಟೆ. ನಂತರ ಕ್ರೈಸ್ತ ಸಾಧುಗಳ ಕಾಲ ಬಂತು. ಹತ್ತಿರದಲ್ಲೇ ಅಪಾ ಜೆರೆಮಿಯಾಸ್ ಎಂಬ ಮಠ ಎದ್ದಿತು. ಸಕ್ಕಾರದ ಸಮಾಧಿಗಳ ಎಷ್ಟೋ ಚಪ್ಪಡಿಗಳು ಆ ಮಠದ ಗೋಡೆಗೂ ನೆಲಕ್ಕೂ ಹೋದವು. ಅವರಿಗೆ ಅದು ಸಿದ್ಧವಾಗಿ ಸಿಗುವ ಕಲ್ಲು, ಅಷ್ಟೇ.

ಆಮೇಲೆ 19ನೇ ಶತಮಾನ. ನೆಪೋಲಿಯನ್‌ನ ದಂಡಯಾತ್ರೆಯ ನಂತರ ಯುರೋಪಿಗೆ ಈಜಿಪ್ಟಿನ ಹುಚ್ಚು ಹಿಡಿದಿತ್ತು. ಅಲೆಕ್ಸಾಂಡ್ರಿಯಾ, ಕೈರೋಗಳಲ್ಲಿದ್ದ ಯುರೋಪಿನ ಕಾನ್ಸುಲ್‌ಗಳಿಗೆ, ಅಂದರೆ ಅಲ್ಲಿನ ದೇಶಗಳ ಪ್ರತಿನಿಧಿಗಳಿಗೆ, ಪ್ರಾಚೀನ ವಸ್ತು ಒಂದು ದೊಡ್ಡ ವ್ಯಾಪಾರ. ಆಳುವ ಪಾಷಾನಿಂದ ಅನುಮತಿ ಪತ್ರ, ಹಳ್ಳಿಯವರಿಂದ ಕೂಲಿ, ಹಡಗಿನಲ್ಲಿ ಸಾಗಣೆ. ಅವರಲ್ಲಿ ಒಬ್ಬ ಜೊವಾನ್ನಿ ಡನಸ್ತಾಸಿ. ವ್ಯಾಪಾರಿ, ಸ್ವೀಡನ್ ಮತ್ತು ನಾರ್ವೆಯ ಕಾನ್ಸುಲ್. ಅವನು ಕೂಡಿಹಾಕಿದ ದೊಡ್ಡ ಸಂಗ್ರಹವನ್ನು ಡಚ್ ಸರ್ಕಾರ 1828ರಲ್ಲಿ ಕೊಂಡಿತು. ಮಾಯಾ ಮತ್ತು ಮೆರಿತ್ ಲೈಡನ್‌ಗೆ ಹೋದದ್ದು ಹಾಗೆ.

ಮೂರ್ತಿಗಳು ಹೋದವು. ಅವು ನಿಂತಿದ್ದ ಜಾಗವನ್ನು ಸರಿಯಾಗಿ ಬರೆದಿಡುವ ಕೆಲಸ ಯಾರೂ ಮಾಡಲಿಲ್ಲ. 1843ರಲ್ಲಿ ಪ್ರಷ್ಯಾದ ವಿದ್ವಾಂಸ ಲೆಪ್ಸಿಯಸ್ ಅಲ್ಲಿಗೆ ಬಂದರು. ಸಮಾಧಿಯ ಒಂದಿಷ್ಟು ಭಾಗ ಅಗೆದು, ಚಿತ್ರ ಬರೆದುಕೊಂಡು, ನಕ್ಷೆಯಲ್ಲಿ ಗುರುತು ಹಾಕಿ, ಕೆಲವು ಕೆತ್ತನೆಗಳನ್ನು ಬರ್ಲಿನ್‌ಗೆ ಒಯ್ದರು. ಆಮೇಲೆ ಮರಳು ಮುಚ್ಚಿತು. ನೂರನಲವತ್ತಕ್ಕೂ ಹೆಚ್ಚು ವರ್ಷ ಅದು ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಇಲ್ಲಿಂದ ಮುಂದಿನ ಕಥೆ ಲೈಡನ್‌ನವರಿಗೆ ನ್ಯಾಯವಾಗಿ ಸಲ್ಲಬೇಕಾದದ್ದು. ತಮ್ಮಲ್ಲಿರುವ ಮೂರ್ತಿಗಳ ಮನೆ ಹುಡುಕಲೇಬೇಕು ಅಂತ ಆ ಮ್ಯೂಸಿಯಂ ಲಂಡನ್‌ನ ಈಜಿಪ್ಟ್ ಎಕ್ಸ್‌ಪ್ಲೊರೇಷನ್ ಸೊಸೈಟಿಯ ಜೊತೆ ಸೇರಿ ಹೊರಟಿತು. 1975ರ ಜನವರಿಯಲ್ಲಿ ಲೆಪ್ಸಿಯಸ್‌ರ ಹಳೆಯ ನಕ್ಷೆ ಹಿಡಿದು ಅಗೆದರು. ಸಿಕ್ಕಿದ್ದು ಮಾಯಾ ಅಲ್ಲ, ಹೋರೆಮ್ಹೆಬ್. ಅವನು ಇನ್ನೂ ಸೇನಾಪತಿಯಾಗಿದ್ದಾಗ ತನಗೆಂದು ಕಟ್ಟಿಸಿಕೊಂಡ ಸಮಾಧಿ. ಮುಂದೆ ರಾಜನಾದ ಮೇಲೆ ಅವನು ರಾಜರ ಕಣಿವೆಯಲ್ಲಿ ಬೇರೆ ಸಮಾಧಿ ಮಾಡಿಸಿಕೊಂಡ. ಆದರೆ ಸಕ್ಕಾರದ ಕೆತ್ತನೆಗಳಲ್ಲಿ ತನ್ನ ಹಣೆಯ ಮೇಲೆ ರಾಜಚಿಹ್ನೆಯಾದ ಹಾವಿನ ಹೆಡೆಯನ್ನು ಆಮೇಲೆ ಸೇರಿಸಿದ್ದಾರೆ. ಆ ಸಮಾಧಿಯ ಕಲ್ಲುಗಳೂ ಲೈಡನ್, ಬೊಲೋನ್ಯಾ, ಲಂಡನ್, ಬರ್ಲಿನ್ ಅಂತ ಹರಿದು ಹಂಚಿಹೋಗಿದ್ದವು. ಗೋಡೆ ಸಿಕ್ಕ ಮೇಲೆ, ಯಾವ ಕಲ್ಲು ಯಾವ ಗೋಡೆಯದು ಎಂದು ಜೋಡಿಸಿ ನೋಡಲು ಸಾಧ್ಯವಾಯಿತು.

ಮಾಯಾ ಸಿಕ್ಕಿದ್ದು ಅದಾಗಿ ಹನ್ನೊಂದು ವರ್ಷಕ್ಕೆ. 1986ರ ಫೆಬ್ರವರಿ 6ರಂದು ಬ್ರಿಟನ್ನಿನ ಜೆಫ್ರಿ ಮಾರ್ಟಿನ್ ಮತ್ತು ನೆದರ್‌ಲ್ಯಾಂಡ್ಸ್‌ನ ಯಾಕೋಬಸ್ ಫಾನ್ ಡೈಕ್ ನೆಲದಾಳದ ಹಾದಿಯೊಂದರಲ್ಲಿ ದೀಪ ಹಿಡಿದು ನುಗ್ಗುತ್ತಿದ್ದರು. ಎದುರಿಗೆ ಹಳದಿ ಬಣ್ಣದ ಕೆತ್ತನೆಯ ಗೋಡೆ. ಅದರ ಮೇಲೆ ಹೆಸರು: ಮಾಯಾ. ಮೇಲಿನಿಂದ ಹುಡುಕಿದವರಿಗೆ ಕೆಳಗಿನಿಂದ ಸಿಕ್ಕ. ಮುಂದಿನ ವರ್ಷಗಳಲ್ಲಿ ಮೇಲಿನ ಅಂಗಳಗಳನ್ನೂ ಅಗೆದು ತೆರೆದರು. 2011ರ ಮೇ ತಿಂಗಳಲ್ಲಿ ಹೋರೆಮ್ಹೆಬ್ ಮತ್ತು ಇನ್ನೂ ಕೆಲವರ ಸಮಾಧಿಗಳ ಜೊತೆ ಮಾಯಾನದ್ದನ್ನೂ ಜನರಿಗೆ ತೆರೆದರು.

ಒಂದು ಮಾತು ಒಪ್ಪಿಕೊಳ್ಳಬೇಕು. ಮೂರ್ತಿಗಳು ಲೈಡನ್‌ನಲ್ಲಿ ಇಲ್ಲದಿದ್ದರೆ ಈ ಹುಡುಕಾಟವೇ ಶುರುವಾಗುತ್ತಿರಲಿಲ್ಲವೇನೋ. ಈ ವಿಷಯದಲ್ಲಿ ಕಳ್ಳ ಯಾರು, ಸಾಹುಕಾರ ಯಾರು ಅಂತ ಸುಲಭವಾಗಿ ಗೆರೆ ಎಳೆಯಲು ಬರುವುದಿಲ್ಲ.

ಗೆರೆ ಎಳೆದಿರುವ ಕಾನೂನು

ಆದರೂ ಕಾನೂನು ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಅದು ಎಳೆಯುವುದು ವರ್ಷದ ಲೆಕ್ಕದಲ್ಲಿ.

ಈಜಿಪ್ಟನ್ನು ಆಳುತ್ತಿದ್ದ ಮುಹಮ್ಮದ್ ಅಲಿ ಪ್ರಾಚೀನ ವಸ್ತುಗಳನ್ನು ಹೊರದೇಶಕ್ಕೆ ಸಾಗಿಸಬಾರದೆಂದು ಆಜ್ಞೆ ಮಾಡಿದ್ದು 1835ರಲ್ಲಿ. ಮಾಯಾ ಹೊರಟುಹೋಗಿ ಆಗಲೇ ಏಳು ವರ್ಷ. ಆ ಆಜ್ಞೆಯೂ ಗಟ್ಟಿಯಾಗಿ ನಿಲ್ಲಲಿಲ್ಲ. ನಂತರ ಬಹಳ ಕಾಲ, ಅಗೆದ ವಿದೇಶಿಯರಿಗೆ ಸಿಕ್ಕಿದ್ದರಲ್ಲಿ ಒಂದು ಪಾಲು ಕೊಡುವ ಪದ್ಧತಿ ನಡೆಯಿತು. 1970ರಲ್ಲಿ ಯುನೆಸ್ಕೋ ಒಪ್ಪಂದ ಬಂತು. ಕದ್ದ ಸಾಂಸ್ಕೃತಿಕ ವಸ್ತುಗಳನ್ನು ತಡೆಯುವುದು, ವಾಪಸ್ ಕೊಡುವುದು ಅದರ ಉದ್ದೇಶ. ಆದರೆ ಹಿಂದಿನದಕ್ಕೆ ಅದು ಅನ್ವಯಿಸುವುದಿಲ್ಲ. 1983ರ ಈಜಿಪ್ಟ್ ಕಾನೂನು, ಸಂಖ್ಯೆ 117, ನೆಲದಡಿಯ ಪ್ರಾಚೀನ ವಸ್ತುಗಳೆಲ್ಲ ದೇಶದ ಆಸ್ತಿ ಅಂದಿತು. ವ್ಯಾಪಾರ ನಿಂತಿತು.

ಈ ಗೆರೆಯ ಈಚೆಗೆ ಬಿದ್ದದ್ದಕ್ಕೆ ಬಲ ಇದೆ. ಎರಡು ಉದಾಹರಣೆ ಸಾಕು. ತೆತಿಕಿ ಎಂಬವನು ಥೀಬ್ಸ್ (ಈಗಿನ ಲಕ್ಸರ್) ನಗರದ ಮೇಯರ್ ಆಗಿದ್ದ ಅಧಿಕಾರಿ. ಅವನ ಸಮಾಧಿಯ ಗೋಡೆಯಿಂದ ಕಿತ್ತ ಐದು ಚಿತ್ರದ ತುಂಡುಗಳನ್ನು ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ 2000 ಮತ್ತು 2003ರಲ್ಲಿ ಕೊಂಡಿತ್ತು. 2009ರ ಅಕ್ಟೋಬರ್‌ನಲ್ಲಿ ಈಜಿಪ್ಟ್‌ನ ಪುರಾತತ್ವ ಮುಖ್ಯಸ್ಥ ಜಾಹಿ ಹವಾಸ್ ಲೂವ್ರ್ ಜೊತೆಗಿನ ಸಂಬಂಧವನ್ನೇ ಕಡಿದರು. ಸಕ್ಕಾರದಲ್ಲಿ ಲೂವ್ರ್‌ನ ಅಗೆತ ನಿಂತಿತು. ಡಿಸೆಂಬರ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ಸರ್ಕೋಜಿ ತುಂಡೊಂದನ್ನು ಈಜಿಪ್ಟ್ ಅಧ್ಯಕ್ಷ ಮುಬಾರಕ್ ಅವರ ಕೈಗೇ ಕೊಟ್ಟರು. ಉಳಿದವೂ ಬಂದವು. ಎರಡನೆಯದು, ನೆಜೆಮಾಂಖ್ ಎಂಬ ಪುರೋಹಿತನ ಬಂಗಾರದ ಲೇಪದ ಶವಪೆಟ್ಟಿಗೆ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಸುಮಾರು 40 ಲಕ್ಷ ಡಾಲರ್ ಕೊಟ್ಟು ತಂದಿತ್ತು. ಅದರ ಜೊತೆ 1971ರ ರಫ್ತು ಪರವಾನಗಿ ಇತ್ತು. ಪರವಾನಗಿ ಸುಳ್ಳು, ಪೆಟ್ಟಿಗೆ 2011ರಲ್ಲಿ ಮಿನ್ಯಾ ಕಡೆಯಿಂದ ಕದ್ದದ್ದು ಅಂತ ತನಿಖೆಯಲ್ಲಿ ಗೊತ್ತಾಯಿತು. 2019ರಲ್ಲಿ ಊರಿಗೆ ಬಂತು.

ಇವೆಲ್ಲ ವಾಪಸ್ ಬರಲೇಬೇಕಿದ್ದವು. ಅದರಲ್ಲಿ ಎರಡು ಮಾತಿಲ್ಲ. ಕದ್ದ ಮಾಲು ಕೊಳ್ಳುವವರು ಇರುವವರೆಗೆ ಕದಿಯುವವರೂ ಇರುತ್ತಾರೆ.

ನನಗೆ ತೊಡಕಾಗಿ ಕಾಣುವುದು ಗೆರೆಯ ಆಚೆಯದು. ‘1835ಕ್ಕೆ ಮೊದಲೇ ಕಾನೂನುಬದ್ಧವಾಗಿ ಕೊಂಡದ್ದು’ ಅಂದಾಗ ಮಾತು ಮುಗಿದುಹೋಗುತ್ತದೆ ಅನ್ನುವಂತೆ ಎಲ್ಲರೂ ಸುಮ್ಮನಾಗುತ್ತಾರೆ. ಆಗ ಅನುಮತಿ ಕೊಟ್ಟವರು ಯಾರು? ಸಾಮ್ರಾಜ್ಯವೊಂದರ ಪರವಾಗಿ ಆಳುತ್ತಿದ್ದ ಪಾಷಾ. ಅಗೆದ ಹಳ್ಳಿಯವನಿಗೆ ಸಿಕ್ಕಿದ್ದು ಕೂಲಿ. ಅವನನ್ನು ಯಾರೂ ಕೇಳಲಿಲ್ಲ. ಕಾಗದ ಸರಿಯಿದ್ದರೆ ಒಡೆದ ಮನೆ ಒಡೆದದ್ದಲ್ಲ ಎಂದಾಗುತ್ತದೆಯೇ?

ಅದೂ ಅಲ್ಲದೆ, ಈ ಚರ್ಚೆಯಲ್ಲಿ ಯಾವಾಗಲೂ ಕೇಳುವುದು ದೊಡ್ಡ ಹೆಸರುಗಳೇ. ಬ್ರಿಟಿಷ್ ಮ್ಯೂಸಿಯಂನ ರೊಸೆಟ್ಟಾ ಕಲ್ಲು, ಬರ್ಲಿನ್‌ನ ನೆಫೆರ್ತೀತಿ ರಾಣಿಯ ಮೂರ್ತಿ, ಲೂವ್ರ್‌ನ ದೆಂದೆರಾ ರಾಶಿಚಕ್ರ. ಅವುಗಳ ಸುತ್ತ ದೇಶದ ಅಭಿಮಾನ ಇದೆ, ಅದು ಸಹಜ. ಆದರೆ ರೊಸೆಟ್ಟಾ ಕಲ್ಲು ಸಿಕ್ಕಿದ್ದೇ ಒಂದು ಕೋಟೆಯ ಗೋಡೆಯಲ್ಲಿ, ಮರುಬಳಕೆಯ ಕಲ್ಲಾಗಿ. ಅದು ಮೊದಲು ನಿಂತಿದ್ದ ಗುಡಿಗೆ ಅದನ್ನು ಮರಳಿಸಲು ಆಗುವುದಿಲ್ಲ. ಮಾಯಾನ ವಿಷಯ ಹಾಗಲ್ಲ. ಅವನ ಗೋಡೆ ನಿಂತಿದೆ, ಅಂಗಳ ಇದೆ, ಕೆಳಗಿನ ಹಳದಿ ಕೋಣೆ ಇದೆ. ಮೂರ್ತಿ ಮಾತ್ರ ಇಲ್ಲ. ನನ್ನ ಪ್ರಕಾರ ಲೆಕ್ಕ ಹಾಕಬೇಕಾದ ರೀತಿ ಇದು: ಯಾವ ವರ್ಷ ಹೋಯಿತು ಎಂಬುದರ ಜೊತೆಗೆ, ಅದು ಹೋಗಿ ಸೇರಬೇಕಾದ ಜಾಗ ಈಗಲೂ ಇದೆಯಾ ಎಂದೂ ಕೇಳಬೇಕು. ಜಾಗ ಇದ್ದರೆ ಆ ವಸ್ತುವಿನ ಹಕ್ಕು ದೊಡ್ಡದು.

ಎದುರು ವಾದಗಳು ಇವೆ, ಅವು ಪೊಳ್ಳಲ್ಲ. ಸಕ್ಕಾರದ ಬಯಲಲ್ಲಿ ಗಾಳಿ, ಮರಳು, ಉಪ್ಪು. ಸುಣ್ಣಕಲ್ಲಿಗೆ ಅದು ಒಳ್ಳೆಯದಲ್ಲ. 2011ರ ಜನವರಿಯಲ್ಲಿ ಕಾವಲು ಸಡಿಲವಾದಾಗ ಸಕ್ಕಾರದ ಉಗ್ರಾಣಗಳ ಬೀಗ ಒಡೆದಿದ್ದರು. ಕೈರೋದ ಮ್ಯೂಸಿಯಂಗೇ ಕಳ್ಳರು ನುಗ್ಗಿದ್ದರು. ಲೈಡನ್‌ನಲ್ಲಿ ಈ ಮೂರ್ತಿಗಳನ್ನು ಎರಡು ಶತಮಾನ ಚೆನ್ನಾಗಿ ನೋಡಿಕೊಂಡಿದ್ದಾರೆ. ಯುರೋಪು ಅಂದರೆ ಸುರಕ್ಷಿತ ಅನ್ನುವುದೂ ಪೂರ್ತಿ ನಿಜವಲ್ಲ ಬಿಡಿ. ಬರ್ಲಿನ್‌ನ ಈಜಿಪ್ಟ್ ಸಂಗ್ರಹ ಇದ್ದ ನೊಯೆಸ್ ಮ್ಯೂಸಿಯಂ ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಸಿಕ್ಕಿ ಹಾಳಾಗಿತ್ತು.

ಮೂರ್ತಿಯನ್ನು ಬಯಲಿನ ಅಂಗಳದಲ್ಲೇ ಕೂರಿಸಿ ಅಂತ ನಾನೂ ಹೇಳುತ್ತಿಲ್ಲ. ಅದು ಬೇಕಾಗಿಯೂ ಇಲ್ಲ. ಸಕ್ಕಾರದ ಪ್ರವೇಶದಲ್ಲೇ ಒಂದು ಮ್ಯೂಸಿಯಂ ಇದೆ. 2006ರಲ್ಲಿ ತೆರೆದದ್ದು. ಹೆಸರು ಇಮ್ಹೋತೆಪ್ ಮ್ಯೂಸಿಯಂ. ಜೋಸೆರ್‌ನ ಪಿರಮಿಡ್ ಕಟ್ಟಿಸಿದ ಮಹಾ ಅಧಿಕಾರಿಯ ಹೆಸರು ಅದು. (ಅವನ ಸಮಾಧಿ ಇವತ್ತಿಗೂ ಸಿಕ್ಕಿಲ್ಲ. ಬ್ರಿಟನ್ನಿನ ವಾಲ್ಟರ್ ಎಮರಿ ಅದನ್ನೇ ಹುಡುಕುತ್ತಾ ಸಕ್ಕಾರದಲ್ಲಿ ವರ್ಷಗಟ್ಟಲೆ ಅಗೆದರು, 1971ರಲ್ಲಿ ತೀರಿಕೊಂಡರು.) ಅಲ್ಲಿ ಮಾಯಾ ಮತ್ತು ಮೆರಿತ್ ಇದ್ದರೆ, ಅವರನ್ನು ನೋಡಿದ ಜನ ಅದೇ ದಿನ ಅವರ ಮನೆಯ ಅಂಗಳದಲ್ಲೂ ನಿಲ್ಲಬಹುದು. ಅಂಗಳದಲ್ಲಿ ಮೂಲದ ಬದಲು ನಕಲು ಇಟ್ಟರೂ ಸಾಕು. ತುತಾಂಖಾಮುನ್‌ನ ಶವದ ಕೋಣೆಯ ಪೂರ್ತಿ ನಕಲನ್ನು 2014ರಲ್ಲಿ ಲಕ್ಸರ್‌ನಲ್ಲಿ ಕೂರಿಸಿದ್ದಾರೆ. ನಿಜದ ಗೋಡೆಯ ಒಂದೊಂದು ಮಚ್ಚೆಯೂ ಅದರಲ್ಲಿದೆ. ತಂತ್ರಜ್ಞಾನ ಇಲ್ಲ ಅಂತ ಯಾರೂ ಹೇಳುವಂತಿಲ್ಲ.

ಕಷ್ಟ ಇರುವುದು ಸಂಬಂಧದಲ್ಲಿ. ಲೈಡನ್ ಮ್ಯೂಸಿಯಂ ಮತ್ತು ಈಜಿಪ್ಟ್ ನಡುವೆ ಒಳ್ಳೆಯದೂ ನಡೆದಿದೆ, ಕೆಟ್ಟದ್ದೂ ನಡೆದಿದೆ. ಅಸ್ವಾನ್ ಅಣೆಕಟ್ಟಿನಿಂದ ನೂಬಿಯಾದ ಗುಡಿಗಳು ಮುಳುಗುವ ಹೊತ್ತಿಗೆ ಡಚ್ಚರು ಸಹಾಯ ಮಾಡಿದರು. ಅದಕ್ಕೆ ಕೃತಜ್ಞತೆಯಾಗಿ ಈಜಿಪ್ಟ್ ತಫೆಹ್ ಎಂಬ ಇಡೀ ಗುಡಿಯನ್ನೇ ಕಾಣಿಕೆ ಕೊಟ್ಟಿತು. ಅದು ಇವತ್ತು ಆ ಮ್ಯೂಸಿಯಂನ ಒಳಗೇ ನಿಂತಿದೆ. ಅದೇ ಮ್ಯೂಸಿಯಂಗೆ 2023ರಲ್ಲಿ, ಅದು ನಡೆಸಿದ ಒಂದು ಪ್ರದರ್ಶನದ ಕಾರಣಕ್ಕೆ, ಈಜಿಪ್ಟ್ ಸಕ್ಕಾರದಲ್ಲಿ ಅಗೆಯಲು ಅನುಮತಿ ನಿರಾಕರಿಸಿತು. ಪ್ರಾಚೀನ ಈಜಿಪ್ಟ್‌ನಿಂದ ಪ್ರೇರಣೆ ಪಡೆದ ಕಪ್ಪು ಸಂಗೀತಗಾರರ ಬಗೆಗಿನ ಪ್ರದರ್ಶನ ಅದು. ಈಜಿಪ್ಟ್ ಅದನ್ನು ಇತಿಹಾಸದ ತಿರುಚುವಿಕೆಯಾಗಿ ಕಂಡಿತು. ಆ ಜಗಳದ ನ್ಯಾಯ ಏನೇ ಇರಲಿ, ಮಾಯಾನ ಸಮಾಧಿ ಹುಡುಕಿಕೊಟ್ಟ ಸಂಸ್ಥೆಗೇ ಅದೇ ಬಯಲಲ್ಲಿ ಬಾಗಿಲು ಮುಚ್ಚಿದ್ದು ಬೇಸರದ ಸಂಗತಿ. ಅಗೆತದ ಅನುಮತಿ ಒಂದು ಆಯುಧ ಆದಾಗ ನಷ್ಟವಾಗುವುದು ಕಲಿಯುವವರಿಗೆ.

ಹಾಗಾಗಿ ನನಗೆ ಬೇಕಾಗಿರುವುದು ಗೆಲುವು ಸೋಲಿನ ವಾಪಸಾತಿ ಅಲ್ಲ. ಮಾಸ್ಟ್ರಿಕ್ಟ್‌ನ ತಲೆಯನ್ನು ಡಚ್ಚರು ಕೊಟ್ಟದ್ದು ಕಾನೂನು ಇತ್ತು ಅಂತ. ಮಾಯಾನನ್ನು ಕಳಿಸಿ ಅಂತ ಅವರನ್ನು ಒತ್ತಾಯಿಸುವ ಕಾನೂನು ಇಲ್ಲ. ಒತ್ತಾಯ ಇಲ್ಲದಿದ್ದಾಗ ಮಾಡಿದ ಕೆಲಸಕ್ಕೇ ತೂಕ ಜಾಸ್ತಿ, ಅಲ್ವಾ? ಮೊದಲ ಹೆಜ್ಜೆಯಾಗಿ ಕೆಲವು ವರ್ಷದ ಮಟ್ಟಿಗೆ ಕಳಿಸಿದರೂ ಸಾಕು. ಕಾಗದದ ಮೇಲೆ ಮಾಲೀಕರು ಯಾರೇ ಆಗಿರಲಿ. ಈಜಿಪ್ಟ್ ಕಡೆಯಿಂದಲೂ ಲೈಡನ್‌ನವರಿಗೆ ಮತ್ತೆ ಅಗೆಯಲು ಬಾಗಿಲು ತೆರೆಯಲಿ. ಮಾಯಾನ ಮಗ್ಗುಲಲ್ಲಿ ಮರಳಿನಡಿ ಇನ್ನೂ ಎಷ್ಟೋ ಜನ ಅಧಿಕಾರಿಗಳು ಮಲಗಿದ್ದಾರೆ. ಅದೇ ಬಯಲಲ್ಲಿ ಲೈಡನ್ ಮತ್ತು ಇಟಲಿಯ ಟ್ಯೂರಿನ್ ಮ್ಯೂಸಿಯಂಗಳ ಜಂಟಿ ತಂಡಕ್ಕೆ ಪನೆಹ್ಸಿ ಎಂಬ ಗುಡಿಯ ಅಧಿಕಾರಿಯ ಸಮಾಧಿ ಸಿಕ್ಕ ಸುದ್ದಿ ಬಂದದ್ದು 2023ರಲ್ಲಿ, ಬಾಗಿಲು ಮುಚ್ಚಿದ ವರ್ಷವೇ.

ಡಚ್ ಸರ್ಕಾರ ಡನಸ್ತಾಸಿಯ ಸಂಗ್ರಹ ಕೊಂಡು 2028ಕ್ಕೆ ಸರಿಯಾಗಿ ಇನ್ನೂರು ವರ್ಷ ತುಂಬುತ್ತದೆ. ಲೈಡನ್‌ನಲ್ಲಿ ಅದನ್ನು ನೆನೆಯದೆ ಬಿಡುವುದಿಲ್ಲ ಅಂದುಕೊಂಡಿದ್ದೇನೆ. ಆ ವರ್ಷ ಮೂರು ಮೂರ್ತಿಗಳನ್ನು ಜೋಪಾನವಾಗಿ ಕಟ್ಟಿ, ಸಕ್ಕಾರದ ಇಮ್ಹೋತೆಪ್ ಮ್ಯೂಸಿಯಂಗೆ ಕಳಿಸಬಹುದು. ಅಂಗಳದಲ್ಲಿ ಅವುಗಳ ನಕಲು ಕೂರಿಸಬಹುದು. ಮೂರು ಮೂರ್ತಿಗಳ ಮನೆ ಎಲ್ಲಿದೆ ಅಂತ ತೋರಿಸಲು ಲೆಪ್ಸಿಯಸ್‌ರ ನಕ್ಷೆ ಇದೆ, ಮಾರ್ಟಿನ್‌ರ ಅಗೆತದ ದಾಖಲೆ ಇದೆ. ಇನ್ನೇನು ಬೇಕು?